ಹೋಗುವಾಗ ಮೂರು ತಾಸು, ಬರುವಾಗ ಏಳು ತಾಸು: ನೈರೋಬಿ–ಲಾಗೋಸ್ ವಿಮಾನದ ಲೆಕ್ಕ ಬಿಡಿಸಿ ಹೇಳುತ್ತೀರಾ?

ಅಂಕೋಲಾ ಅಕ್ಕೋರು:

ಎಲ್ಲರಿಗೂ ನಮಸ್ಕಾರ. ನಾನು ಅಂಕೋಲೆಯವಳು. ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ನಾಲ್ಕನೇ ಇಯತ್ತೆಗೆ ಕಲಿಸಿ ನಿವೃತ್ತಳಾದೆ. ಈಗ ಅರವತ್ತಾರು. ಮಗಳು ಅಳಿಯ ಇರುವುದು ಕೀನ್ಯಾದ ನೈರೋಬಿಯಲ್ಲಿ, ಮಗ ಸೊಸೆ ಇರುವುದು ನೈಜೀರಿಯಾದ ಲಾಗೋಸ್‌ನಲ್ಲಿ.

ಊರಲ್ಲಿ ಯಾರಾದರೂ ಕೇಳಿದರೆ "ಇಬ್ಬರೂ ಆಫ್ರಿಕಾದಲ್ಲೇ ಇದ್ದಾರೆ" ಅನ್ನುತ್ತೇನೆ. "ಹಾಗಾದ್ರೆ ಚಿಂತೆಯಿಲ್ಲ ಬಿಡಿ, ಹಬ್ಬ ಹುಣ್ಣಿಮೆಗೆ ಒಬ್ಬರ ಮನೆಗೊಬ್ಬರು ಹೋಗಿ ಬಂದು ಮಾಡ್ತಾರೆ" ಅಂತ ಅವರೇ ಮುಂದಿನ ಮಾತನ್ನೂ ಆಡಿಬಿಡುತ್ತಾರೆ. ಮೊದಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಮೂರು ವರ್ಷದಲ್ಲಿ ಅಣ್ಣ ತಂಗಿ ಮುಖ ನೋಡಿಕೊಂಡಿದ್ದು ಒಂದೇ ಸಲ, ಅದೂ ಅಂಕೋಲೆಯ ನಮ್ಮ ಮನೆ ಜಗಲಿಯಲ್ಲಿ.

ಈಗ ಸೊಸೆ ಬಸುರಿ. ನಾನು ಮೊದಲು ಅಳಿಯನ ಜೊತೆ ಮುಂಬಯಿಯಿಂದ ನೈರೋಬಿಗೆ ಹೋಗಿ, ಮಗಳ ಮನೆಯಲ್ಲಿ ಒಂದು ತಿಂಗಳಿದ್ದು, ಅಲ್ಲಿಂದ ಲಾಗೋಸ್‌ಗೆ ಒಬ್ಬಳೇ ಹೋಗಬೇಕು. ಬಾಣಂತನ ಮುಗಿಸಿ ಅದೇ ದಾರಿಯಲ್ಲಿ ವಾಪಸ್ಸು. ನೇರ ವಿಮಾನ, ನಡುವೆ ಎಲ್ಲೂ ಇಳಿಯುವ ಕೆಲಸವಿಲ್ಲ ಅಂತ ಮಗಳು ಟಿಕೆಟ್ ಮಾಡಿ ಕಳಿಸಿದ್ದಾಳೆ. ಅದರಲ್ಲಿ ಹೀಗಿದೆ:

ಹೋಗುವಾಗ: ನೈರೋಬಿ ಬಿಡುವುದು ಬೆಳಿಗ್ಗೆ 7.00, ಲಾಗೋಸ್ ತಲುಪುವುದು 10.15.
ಬರುವಾಗ: ಲಾಗೋಸ್ ಬಿಡುವುದು ಮಧ್ಯಾಹ್ನ 12.30, ನೈರೋಬಿ ತಲುಪುವುದು ಸಂಜೆ 7.40.

ಹೋಗಲು ಮೂರೂಕಾಲು ತಾಸು, ಬರಲು ಏಳು ತಾಸು ಹತ್ತು ನಿಮಿಷ! ಅದೇ ಎರಡು ಊರು, ಅದೇ ಆಕಾಶ. ಟಿಕೆಟ್ಟನ್ನು ಕಾಗದದ ಮೇಲೆ ತೆಗೆಸಲು ಪೇಟೆಯ ಒಂದು ಅಂಗಡಿಗೆ ಹೋಗಿದ್ದೆ. ಅಲ್ಲಿದ್ದ ಹುಡುಗ ನೋಡಿ "ಮೂರು ತಾಸಿನ ದಾರಿ ಅಕ್ಕೋರೆ, ಇಲ್ಲಿಂದ ಹುಬ್ಬಳ್ಳಿಗೆ ಹೋದ ಹಾಗೆ" ಅಂದ. ಬರುವಾಗಿನ ಏಳು ತಾಸು ತೋರಿಸಿದೆ. ಅವನಿಗೂ ಹೇಳಲು ಬರಲಿಲ್ಲ. ಗಡಿಯಾರದ ವ್ಯತ್ಯಾಸ ಇದ್ದೀತು ಅಂತ ನನಗೂ ಅನ್ನಿಸುತ್ತದೆ, ಆದರೆ ಅಂದಾಜಿನ ಮೇಲೆ ಹೊರಡುವ ಧೈರ್ಯವಿಲ್ಲ.

ಯಾಕೆಂದರೆ ನನಗೆ ಸಕ್ಕರೆ ಕಾಯಿಲೆ, ಹನ್ನೊಂದು ವರ್ಷದಿಂದ ಇನ್ಸುಲಿನ್. ಊಟಕ್ಕೆ ಮೊದಲು ಒಂದು, ರಾತ್ರಿ ಮಲಗುವಾಗ ಇನ್ನೊಂದು. ಆಕಾಶದಲ್ಲಿ ನಿಜವಾಗಿ ಎಷ್ಟು ತಾಸು ಕೂರಬೇಕು ಅಂತ ಗೊತ್ತಾದರೆ ಮಾತ್ರ ಯಾವಾಗ ಉಣ್ಣಬೇಕು, ಯಾವಾಗ ಚುಚ್ಚಿಕೊಳ್ಳಬೇಕು ಅಂತ ಬರೆದಿಟ್ಟುಕೊಳ್ಳಬಹುದು. ಮಗಳನ್ನು ಕೇಳಿದರೆ "ಅಮ್ಮಾ, ಗಗನಸಖಿ ಹೇಳ್ತಾಳೆ, ಗಾಬರಿ ಮಾಡ್ಕೋಬೇಡ" ಅನ್ನುತ್ತಾಳೆ. ಒಬ್ಬಳೇ ಹೋಗುವವಳು ನಾನು. ದೂರ ಎಷ್ಟು, ಹೊತ್ತು ಎಷ್ಟು, ಯಾಕೆ ಈ ವ್ಯತ್ಯಾಸ, ತಿಳಿದವರು ದಯವಿಟ್ಟು ಹೇಳಿ.


ಕುಮಟೆ ಪೇಟೆ:

ಅಕ್ಕೋರೆ, ಇದು ಭೂಮಿ ತಿರುಗುವುದರಿಂದ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ ಅಲ್ಲವಾ? ನೀವು ಪಶ್ಚಿಮಕ್ಕೆ ಹೋಗುವಾಗ ಲಾಗೋಸ್ ತಾನೇ ನಿಮ್ಮ ಕಡೆ ಬರುತ್ತದೆ, ಹಾಗಾಗಿ ಬೇಗ ಮುಟ್ಟುತ್ತೀರಿ. ವಾಪಸ್ ಬರುವಾಗ ನೈರೋಬಿ ಮುಂದೆ ಮುಂದೆ ಓಡುತ್ತದೆ. ಅದಕ್ಕೇ ಏಳು ತಾಸು.


ಬೈತಖೋಲದ ಸೀಮನ್:

ಅಕ್ಕೋರೆ, ಮೊದಲು ಉತ್ತರ, ಆಮೇಲೆ ಕಾರಣ.

ನೈರೋಬಿಯಿಂದ ಲಾಗೋಸ್‌ಗೆ ಆಕಾಶದ ನೇರ ದಾರಿ ಸುಮಾರು 3,830 ಕಿಲೋಮೀಟರ್. ಹೋಗುವಾಗಲೂ ಐದು ತಾಸು ಚಿಲ್ಲರೆ, ಬರುವಾಗಲೂ ಐದು ತಾಸು ಚಿಲ್ಲರೆ. ಮೂರೂ ಅಲ್ಲ, ಏಳೂ ಅಲ್ಲ. ಇನ್ಸುಲಿನ್ ಲೆಕ್ಕಕ್ಕೆ ಐದೂಕಾಲು ಅಂತ ಹಿಡಿಯಿರಿ. ಅದಕ್ಕೆ ಮುಂಚೆ ವಿಮಾನ ನಿಲ್ದಾಣದಲ್ಲಿ ಹೋಗಿ ಕೂರುವ ಮೂರು ತಾಸು, ಇಳಿದ ಮೇಲೆ ಪಾಸ್‌ಪೋರ್ಟ್ ಸಾಲಿನಲ್ಲಿ ನಿಲ್ಲುವ ಒಂದು ತಾಸು ಬೇರೆ ಸೇರಿಸಿ.

ಟಿಕೆಟ್ಟಿನ ಮೇಲೆ ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ಮುಟ್ಟುವ ಹೊತ್ತು ಮುಟ್ಟುವ ಊರಿನ ಗಡಿಯಾರದ್ದು. ಲಾಗೋಸ್ ಗಡಿಯಾರ ನೈರೋಬಿಗಿಂತ ಎರಡು ತಾಸು ಹಿಂದೆ. ನಿಮಗೆ ಸುಲಭವಾಗಲಿ ಅಂತ ಎರಡನ್ನೂ ಅಂಕೋಲೆಯ ಗಡಿಯಾರಕ್ಕೆ ತಂದು ತೋರಿಸುತ್ತೇನೆ. ನೈರೋಬಿ ನಮಗಿಂತ ಎರಡೂವರೆ ತಾಸು ಹಿಂದೆ, ಲಾಗೋಸ್ ನಾಲ್ಕೂವರೆ ತಾಸು ಹಿಂದೆ. ನಿಮ್ಮ ವಿಮಾನ ನೈರೋಬಿ ಬಿಡುವಾಗ ಅಂಕೋಲೆಯಲ್ಲಿ ಬೆಳಿಗ್ಗೆ 9.30. ಲಾಗೋಸ್‌ನಲ್ಲಿ ಇಳಿಯುವಾಗ ಅಂಕೋಲೆಯಲ್ಲಿ ಮಧ್ಯಾಹ್ನ 2.45. ಕಳೆದಿದ್ದು ಐದು ತಾಸು ಹದಿನೈದು ನಿಮಿಷ. ಬರುವಾಗ ಲಾಗೋಸ್ ಬಿಡುವುದು ನಮ್ಮ ಸಂಜೆ 5.00ಕ್ಕೆ, ನೈರೋಬಿ ಮುಟ್ಟುವುದು ನಮ್ಮ ರಾತ್ರಿ 10.10ಕ್ಕೆ. ಐದು ತಾಸು ಹತ್ತು ನಿಮಿಷ. ಹೋಗುವಾಗ ಎರಡು ತಾಸು ಕಡಿಮೆ ಕಾಣಿಸಿತು, ಬರುವಾಗ ಅದೇ ಎರಡು ತಾಸು ಹೆಚ್ಚು ಕಾಣಿಸಿತು, ಅಷ್ಟೇ. ಕೈಗಡಿಯಾರ ತಿರುಗಿಸದೆ ನಮ್ಮ ಟೈಮಲ್ಲೇ ಇಟ್ಟುಕೊಂಡು ಹೋದರೆ ಪೂರ್ತಿ ಪ್ರಯಾಣಕ್ಕೆ ಒಂದೇ ಲೆಕ್ಕ ಸಾಕು.

ಕುಮಟೆಯವರು ಹೇಳಿದ್ದು ಸರಿಯಲ್ಲ. ಭೂಮಿ ಒಂದೇ ತಿರುಗಿ ಮೇಲಿನ ಗಾಳಿ ನಿಂತೇ ಇದ್ದಿದ್ದರೆ ಕಾರವಾರದ ಕಡಲತೀರದಲ್ಲಿ ತಾಸಿಗೆ 1,600 ಕಿಲೋಮೀಟರ್ ವೇಗದ ಗಾಳಿ ಹಗಲೂ ರಾತ್ರಿ ಹೊಡೆಯಬೇಕಿತ್ತು. ಒಂದು ಮನೆಯ ಹಂಚೂ ಉಳಿಯುತ್ತಿರಲಿಲ್ಲ. ಗಾಳಿಯೂ ನೆಲದ ಜೊತೆಗೇ ತಿರುಗುತ್ತದೆ, ವಿಮಾನ ಆ ಗಾಳಿಯಲ್ಲಿ ಈಜುತ್ತದೆ. ಓಡುವ ರೈಲಿನೊಳಗೆ ಇಂಜಿನ್ ಕಡೆಗೆ ನಡೆದರೂ ಗಾರ್ಡ್ ಡಬ್ಬಿ ಕಡೆಗೆ ನಡೆದರೂ ಅಷ್ಟೇ ಹೆಜ್ಜೆ ಬೇಕಲ್ಲ, ಹಾಗೆ.

ಈಗ ದೂರದ ಲೆಕ್ಕ. ಇದನ್ನು ನೀವು ಮನೆಯಲ್ಲೇ ಮಾಡಿ ನೋಡಬಹುದು. ಹಡಗಿನಲ್ಲಿ ನಮಗೆ ಮೊದಲು ಕಲಿಸುವುದು ಇದನ್ನೇ. ಅಕ್ಷಾಂಶದ ಒಂದು ಡಿಗ್ರಿ ಅಂದರೆ 60 ನಾಟಿಕಲ್ ಮೈಲು. ಭೂಮಧ್ಯರೇಖೆಯ ಹತ್ತಿರ ರೇಖಾಂಶಕ್ಕೂ ಅದೇ ಲೆಕ್ಕ ನಡೆಯುತ್ತದೆ. ನೈರೋಬಿ ಇರುವುದು ಪೂರ್ವ ರೇಖಾಂಶ 37ರಲ್ಲಿ, ಲಾಗೋಸ್ ಮೂರೂವರೆಯಲ್ಲಿ. ನಡುವೆ ಮೂವತ್ತಮೂರೂವರೆ ಡಿಗ್ರಿ, ಅಂದರೆ 2,010 ಮೈಲು. ತೆಂಕು ಬಡಗು ನೋಡಿದರೆ ನೈರೋಬಿ ಭೂಮಧ್ಯರೇಖೆಯಿಂದ ಸ್ವಲ್ಪ ಕೆಳಗೆ, ಲಾಗೋಸ್ ಆರೂವರೆ ಡಿಗ್ರಿ ಮೇಲೆ. ಸುಮಾರು ಎಂಟು ಡಿಗ್ರಿ, 480 ಮೈಲು. ಒಂದು ಬದಿ 2,010, ಇನ್ನೊಂದು ಬದಿ 480, ಓರೆ ಗೆರೆ ಎಷ್ಟು? ಪೈಥಾಗೊರಸ್ ಪ್ರಮೇಯ ಹಾಕಿದರೆ ಸುಮಾರು 2,067 ಮೈಲು. ಒಂದು ನಾಟಿಕಲ್ ಮೈಲಿಗೆ 1.852 ಕಿಲೋಮೀಟರ್. ಗುಣಿಸಿ ನೋಡಿ, 3,830ರ ಹತ್ತಿರ ಬಂದು ನಿಲ್ಲುತ್ತದೆ. ವಿಮಾನ ಮೇಲೇರಿದ ಮೇಲೆ ತಾಸಿಗೆ 830 ಕಿಲೋಮೀಟರ್ ಆಸುಪಾಸು ಹೋಗುತ್ತದೆ. ಅದಕ್ಕೆ ನಾಲ್ಕು ತಾಸು ಮೂವತ್ತೇಳು ನಿಮಿಷ. ಏರುವುದು, ಇಳಿಯುವುದು, ನೆಲದ ಮೇಲೆ ಉರುಳುವುದು ಸೇರಿಸಿದರೆ ಐದು ದಾಟುತ್ತದೆ.

ಇದು ಎಷ್ಟು ದೂರ ಅಂದರೆ, ನಮ್ಮ ದೇಶ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ 3,214 ಕಿಲೋಮೀಟರ್. ನಿಮ್ಮ ಮಗಳಿಗೂ ಮಗನಿಗೂ ನಡುವಿನ ದೂರ ಅದಕ್ಕಿಂತ ಹೆಚ್ಚು. "ಇಬ್ಬರೂ ಆಫ್ರಿಕಾದಲ್ಲಿದ್ದಾರೆ" ಅನ್ನುವ ಮಾತಿನಲ್ಲಿ ಇದು ಮುಚ್ಚಿಹೋಗುತ್ತದೆ. ಭಾರತದಂಥ ಒಂಬತ್ತು ದೇಶ ಹಿಡಿಸುವ ಖಂಡ ಅದು. ಮಕ್ಕಳು ಹಬ್ಬಕ್ಕೆ ಹೋಗಿ ಬಂದು ಮಾಡುತ್ತಿಲ್ಲ ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನಾನು ಈ ದಾರಿಯನ್ನು ನೀರಿನ ಮೇಲೆ ಹೋದವನು. ಸರಕು ಹಡಗಿನಲ್ಲಿ ಇಪ್ಪತ್ತೆರಡು ವರ್ಷ ಡೆಕ್ ಮೇಲೆ ಕೆಲಸ ಮಾಡಿದ್ದೇನೆ. ಒಂದು ಸಲ ಮೊಂಬಾಸಾದಲ್ಲಿ ಸರಕು ಇಳಿಸಿ ಲಾಗೋಸ್‌ನ ಅಪಾಪಾ ಬಂದರಿಗೆ ಹೊರಟೆವು. ವಿಮಾನ ಆಫ್ರಿಕಾದ ಹೊಟ್ಟೆಯ ಮೇಲೆ ದಾಟಿ ಹೋಗುತ್ತದೆ, ಹಡಗು ಕಾಲು ಬಳಸಿ ಹೋಗಬೇಕು. ಮೊಜಾಂಬಿಕ್ ಕಾಲುವೆ ಇಳಿದು, ಡರ್ಬನ್ ದಾಟಿ, ಗುಡ್ ಹೋಪ್ ಭೂಶಿರ ಸುತ್ತಿ, ಮತ್ತೆ ಬಡಗಣಕ್ಕೆ ಹತ್ತಬೇಕು. ಐದು ಸಾವಿರ ನಾಟಿಕಲ್ ಮೈಲು, ಹದಿನೇಳು ದಿನ.

ಡರ್ಬನ್ನಿನಿಂದ ಕೆಳಗೆ ಅಗುಲ್ಹಾಸ್ ಅನ್ನುವ ಪ್ರವಾಹ ದಂಡೆಗುಂಟ ನೈಋತ್ಯಕ್ಕೆ ಹರಿಯುತ್ತದೆ. ಹಡಗಿಗೆ ಹಿಂದಿನಿಂದ ಕೈಕೊಟ್ಟು ನೂಕಿದ ಹಾಗಾಗುತ್ತದೆ. ಆದರೆ ಎದುರಿನಿಂದ ದಕ್ಷಿಣದ ದೊಡ್ಡ ಅಲೆ ಬಂದು ಅದೇ ಪ್ರವಾಹಕ್ಕೆ ಡಿಕ್ಕಿ ಹೊಡೆದಾಗ ನೀರು ಗೋಡೆಯ ಹಾಗೆ ಏಳುತ್ತದೆ. ಮೂರು ದಿನ ಊಟದ ಮೇಜಿಗೆ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ತಟ್ಟೆ ಇಟ್ಟುಕೊಂಡೆವು, ಇಲ್ಲದಿದ್ದರೆ ಜಾರಿ ಮಡಿಲಿಗೆ ಬರುತ್ತಿತ್ತು. ಭೂಶಿರ ದಾಟಿದ ಮೇಲೆ ಬೆಂಗುವೆಲಾ ಪ್ರವಾಹ, ಅದು ಬಡಗಣಕ್ಕೆ ಹರಿಯುವ ತಣ್ಣನೆಯ ನೀರು, ಅದೂ ನಮ್ಮ ಕಡೆಗೇ. ಹಾಗಾಗಿ ಸಮುದ್ರದಲ್ಲಿ ಮಾತ್ರ ಹೋಗುವುದಕ್ಕೂ ಬರುವುದಕ್ಕೂ ನಿಜವಾದ ವ್ಯತ್ಯಾಸ ಇದೆ. ಬರುವಾಗ ಎರಡೂ ಪ್ರವಾಹ ಎದುರು.

ಆ ಹದಿನೇಳು ದಿನದಲ್ಲಿ ಗಡಿಯಾರವನ್ನು ಎರಡು ರಾತ್ರಿ ಹಿಂದಕ್ಕೆ ತಿರುಗಿಸಿದೆವು, ಒಂದೊಂದು ಸಲಕ್ಕೆ ಒಂದೊಂದು ತಾಸು. ನಿಮ್ಮ ಟಿಕೆಟ್ಟಿನ ಎರಡು ತಾಸು ಅಂದರೆ ಅದೇ. ಮೆಸ್ ರೂಮಿನ ಹಲಗೆಯ ಮೇಲೆ ಸೆಕೆಂಡ್ ಆಫೀಸರ್ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು, ಇವತ್ತು ರಾತ್ರಿ ಗಡಿಯಾರ ಒಂದು ತಾಸು ಹಿಂದೆ ಅಂತ. ಆ ಹೆಚ್ಚಿನ ಒಂದು ತಾಸನ್ನು ಯಾರ ಪಾಳಿಗೆ ಹಾಕುವುದು? ಮೂರು ಪಾಳಿಗೆ ತಲಾ ಇಪ್ಪತ್ತು ನಿಮಿಷ ಹಂಚುವುದು ವಾಡಿಕೆ. ನನ್ನದು ಹನ್ನೆರಡರಿಂದ ನಾಲ್ಕು. ಆ ರಾತ್ರಿ ನಾಲ್ಕು ತಾಸು ಇಪ್ಪತ್ತು ನಿಮಿಷ ಚುಕ್ಕಾಣಿ ಹಿಡಿದು ನಿಂತೆ. ಗಡಿಯಾರ ಏನೇ ತೋರಿಸಲಿ, ಕಾಲಿಗೆ ಗೊತ್ತಿತ್ತು ಎಷ್ಟು ಹೊತ್ತು ನಿಂತಿದ್ದೇನೆ ಅಂತ. ನಿಮ್ಮ ಮೈಯ ಸಕ್ಕರೆಯೂ ಹಾಗೇ ಅಕ್ಕೋರೆ. ಅದಕ್ಕೆ ಐದೂಕಾಲು ತಾಸು ಅಂದರೆ ಐದೂಕಾಲು ತಾಸೇ.


ಕುಮಟೆ ಪೇಟೆ:

ಸೀಮನ್‌ರೆ, ರೈಲಿನ ಉದಾಹರಣೆ ಮನಸ್ಸಿಗೆ ಹತ್ತಿತು, ನಾನು ಹೇಳಿದ್ದು ತಪ್ಪು. ಆದರೆ ಮುಂಬಯಿಯಿಂದ ಲಂಡನ್ನಿಗೆ ಹೋಗುವುದಕ್ಕಿಂತ ಬರುವುದು ಬೇಗ, ಅದು ನಿಜವಾದ ಹೊತ್ತಿನ ಲೆಕ್ಕದಲ್ಲೇ. ನನ್ನ ಭಾವ ಪ್ರತಿ ವರ್ಷ ಓಡಾಡುತ್ತಾರೆ. ಅದು ಹೇಗೆ?


ಬೈತಖೋಲದ ಸೀಮನ್:

ಅದು ಗಾಳಿ. ಆ ಎತ್ತರದ ಅಕ್ಷಾಂಶಗಳಲ್ಲಿ, ವಿಮಾನ ಹಾರುವ ಹತ್ತು ಹನ್ನೊಂದು ಕಿಲೋಮೀಟರ್ ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಬಿರುಗಾಳಿ ಬೀಸುತ್ತದೆ. ಪೂರ್ವಕ್ಕೆ ಬರುವವರಿಗೆ ಅದು ಬೆನ್ನಿಗೆ, ಹೋಗುವವರಿಗೆ ಎದೆಗೆ. ನೈರೋಬಿ ಲಾಗೋಸ್ ಎರಡೂ ಭೂಮಧ್ಯರೇಖೆಯ ಮಗ್ಗುಲಲ್ಲೇ ಇವೆ, ಅಲ್ಲಿ ಅಷ್ಟು ಬಲದ ಪಶ್ಚಿಮ ಗಾಳಿ ಇಲ್ಲ. ಅಕ್ಕೋರ ಟಿಕೆಟ್ಟಿನಲ್ಲೇ ನೋಡಿ, ಎರಡೂ ಕಡೆಗೆ ಐದು ನಿಮಿಷದ ವ್ಯತ್ಯಾಸ ಮಾತ್ರ.

ಅಕ್ಕೋರು ಮುಂಬಯಿಯಿಂದ ನೈರೋಬಿಗೆ ಹೋಗುವ ದಾರಿಯ ಕೆಳಗಿನ ಒಂದು ಗಾಳಿಯ ಬಗ್ಗೆ ಮಾತ್ರ ಹೇಳಲೇಬೇಕು. ಮೇ ಕೊನೆಗೆ ದಕ್ಷಿಣದ ಸಮುದ್ರದಿಂದ ಹೊರಟ ಗಾಳಿ ಕೀನ್ಯಾದ ಕರಾವಳಿ ಸವರಿ ಭೂಮಧ್ಯರೇಖೆ ದಾಟುತ್ತದೆ, ಸೊಮಾಲಿಯಾದ ಹತ್ತಿರ ಬಲಕ್ಕೆ ತಿರುಗಿ ಅರಬ್ಬಿ ಸಮುದ್ರದ ನೀರನ್ನೆಲ್ಲ ಹೊತ್ತುಕೊಂಡು ನೇರ ನಮ್ಮ ದಂಡೆಗೆ ಬರುತ್ತದೆ. ನಾವು ಮಳೆಗಾಲ ಅನ್ನುವುದು ಅದನ್ನೇ. ಮಗಳಿರುವ ದೇಶದ ಕಡಲಂಚನ್ನು ಮುಟ್ಟಿದ ಗಾಳಿಯೇ ಜೂನಿನಲ್ಲಿ ಅಂಕೋಲೆಯ ಮಾಡಿನ ಮೇಲೆ ಸುರಿಯುತ್ತದೆ. ಮೊಂಬಾಸಾದ ಹೊರಗೆ ಲಂಗರು ಹಾಕಿದ್ದಾಗ ಆ ಗಾಳಿಗೆ ಮುಖವೊಡ್ಡಿ ನಿಂತು ನಾನು ಎಷ್ಟೋ ಸಲ ಮನೆಯ ದಿಕ್ಕು ನೋಡಿದ್ದೇನೆ.


ಶಿರಸಿ ಹುಲೇಕಲ್ ರಸ್ತೆ:

ನಾನು ಲಾಗೋಸ್‌ನಲ್ಲಿ ನಾಲ್ಕು ವರ್ಷ ಇದ್ದೆ, ಎರಡು ಮಾತು ಸೇರಿಸುತ್ತೇನೆ.

ನೇರ ವಿಮಾನವನ್ನು ಯಾವ ಕಾರಣಕ್ಕೂ ಬದಲಿಸಬೇಡಿ. ಸ್ವಲ್ಪ ಅಗ್ಗ ಅಂತ ಅಡಿಸ್ ಅಬಾಬಾ ಮೇಲೆ ಹೋಗುವ ಟಿಕೆಟ್ ತೋರಿಸುವವರು ಇರುತ್ತಾರೆ. ನೈರೋಬಿಯಿಂದ ಅಡಿಸ್ ಬಡಗಣಕ್ಕೆ 1,160 ಕಿಲೋಮೀಟರ್, ಎರಡು ತಾಸು. ಅಲ್ಲಿಂದ ಲಾಗೋಸ್ ಮತ್ತೆ 3,900 ಕಿಲೋಮೀಟರ್, ಐದು ತಾಸು ಮೇಲೆ. ಅಂದರೆ ಎರಡು ತಾಸು ಹಾರಿದ ಮೇಲೂ ಲಾಗೋಸ್ ಒಂದು ಚೂರೂ ಹತ್ತಿರ ಬಂದಿರುವುದಿಲ್ಲ! ನಡುವೆ ಕಾಯುವುದೂ ಸೇರಿ ಹತ್ತು ತಾಸು ಆದೀತು. ಇನ್ಸುಲಿನ್ ಇಟ್ಟುಕೊಂಡು ಒಬ್ಬರೇ ಹೋಗುವವರಿಗೆ ಅದು ಬೇಡ. ರಸ್ತೆಯ ಮಾತಂತೂ ಇಲ್ಲವೇ ಇಲ್ಲ. ಲಾಗೋಸ್‌ನಿಂದ ಮೊಂಬಾಸಾಕ್ಕೆ 6,259 ಕಿಲೋಮೀಟರಿನ ಹೆದ್ದಾರಿ ಅಂತ ನಕ್ಷೆಯಲ್ಲಿ ಗೆರೆ ಇದೆ, ಆದರೆ ಕಾಂಗೊದ ಕಾಡಿನಲ್ಲಿ ದೊಡ್ಡ ಭಾಗ ಬಸ್ಸು ಹೋಗುವ ದಾರಿಯೇ ಅಲ್ಲ.

ಎರಡನೆಯದು ಇದಕ್ಕಿಂತ ಮುಖ್ಯ. ಹಳದಿ ಜ್ವರದ ಲಸಿಕೆ. ಈ ಎರಡೂ ದೇಶಗಳಿಂದ ವಾಪಸ್ ಬರುವಾಗ ಲಸಿಕೆಯ ಕಾರ್ಡ್ ಇಲ್ಲದಿದ್ದರೆ ನಮ್ಮ ದೇಶದ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿ ಇಡುತ್ತಾರೆ. ಸರ್ಕಾರ ಗೊತ್ತುಮಾಡಿದ ಕೇಂದ್ರದಲ್ಲೇ ಹಾಕಿಸಬೇಕು, ಹಾಕಿಸಿಕೊಂಡ ಹತ್ತು ದಿನದ ಮೇಲೆ ಕಾರ್ಡ್ ಜಾರಿಗೆ ಬರುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಆದರೆ ಅಕ್ಕೋರೆ, ಅರವತ್ತು ದಾಟಿದವರಿಗೆ ಈ ಲಸಿಕೆ ಕೊಡುವ ಮೊದಲು ವೈದ್ಯರು ಎರಡು ಸಲ ಯೋಚಿಸುತ್ತಾರೆ, ಅಡ್ಡಪರಿಣಾಮದ ಅಪಾಯ ಆ ವಯಸ್ಸಿಗೆ ಜಾಸ್ತಿ. ಹಾಗಾಗಿ ಹೊರಡುವ ವಾರದಲ್ಲಿ ಓಡಬೇಡಿ. ಈಗಲೇ ನಿಮ್ಮ ವೈದ್ಯರ ಹತ್ತಿರ ಕೂತು ಮಾತಾಡಿ. ಮಲೇರಿಯಾ ಮಾತ್ರೆಯ ವಿಷಯವನ್ನೂ ಅದೇ ದಿನ ಕೇಳಿ, ಲಾಗೋಸ್‌ನಲ್ಲಿ ಸೊಳ್ಳೆ ಪರದೆ ಇಲ್ಲದೆ ಮಲಗಲೇಬೇಡಿ.

ನಿಮ್ಮ ವಿಮಾನ ಬೆಳಿಗ್ಗೆ 10.15ಕ್ಕೆ ಇಳಿಯುವುದು ಒಳ್ಳೆಯದೇ ಆಯಿತು. ಮಗನ ಮನೆ ವಿಕ್ಟೋರಿಯಾ ಐಲ್ಯಾಂಡ್ ಕಡೆ ಇದ್ದರೆ ಥರ್ಡ್ ಮೇನ್‌ಲ್ಯಾಂಡ್ ಸೇತುವೆ ದಾಟಬೇಕಾದೀತು. ಹನ್ನೊಂದು ಕಿಲೋಮೀಟರಿಗೂ ಉದ್ದದ ಸೇತುವೆ, ಹಿನ್ನೀರಿನ ಮೇಲೆಯೇ ಹೋಗುತ್ತದೆ. ಬಲಕ್ಕೆ ನೋಡಿದರೆ ನೀರಿನಲ್ಲಿ ಕಂಬ ನಿಲ್ಲಿಸಿ ಕಟ್ಟಿದ ಮೀನುಗಾರರ ಮನೆಗಳು, ದೋಣಿಗಳು. ಅಂಕೋಲೆಯವರಿಗೆ ಆ ವಾಸನೆ ಹೊಸದಲ್ಲ. ಸಂಜೆ ಆ ಸೇತುವೆ ಮೇಲೆ ಸಿಕ್ಕಿಕೊಂಡರೆ ವಿಮಾನದಲ್ಲಿ ಕೂತಷ್ಟು ಹೊತ್ತು ಕಾರಿನಲ್ಲೂ ಕೂರಬೇಕಾದೀತು. ಹಗಲಲ್ಲಿ ಅಷ್ಟಿಲ್ಲ. ಆದರೂ ಚೀಲದಲ್ಲಿ ತಿನ್ನಲು ಏನಾದರೂ ಇರಲಿ.

ಬಟ್ಟೆಯ ವಿಷಯ. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಮೇಲಿದೆ, ನಮ್ಮ ಶಿರಸಿಯ ಮೂರು ಪಾಲು ಎತ್ತರ ಅಂದುಕೊಳ್ಳಿ. ಜೂನ್ ಜುಲೈಯಲ್ಲಿ ಬೆಳಿಗ್ಗೆ ಸ್ವೆಟರ್ ಬೇಕು. ಲಾಗೋಸ್ ಕಡಲ ಮಟ್ಟದಲ್ಲೇ, ಮೇ ತಿಂಗಳ ಕಾರವಾರದ ಸೆಕೆ.


ಹೊನ್ನಾವರ ಔಷಧ ಅಂಗಡಿ:

ಅಕ್ಕೋರೆ, ಇನ್ಸುಲಿನ್ ವಿಷಯ ನಾನು ಹೇಳುತ್ತೇನೆ, ದಿನಾ ಕೊಡುವವನು.

ಒಂದು ಪೆನ್ನೂ ದೊಡ್ಡ ಪೆಟ್ಟಿಗೆಗೆ ಹೋಗಬಾರದು. ವಿಮಾನದ ಹೊಟ್ಟೆಯಲ್ಲಿ ಹೆಪ್ಪುಗಟ್ಟುವಷ್ಟು ತಂಪಾಗಬಹುದು, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು, ನೋಡಲು ಮಾತ್ರ ಮೊದಲಿನ ಹಾಗೇ ಇರುತ್ತದೆ. ಪೆಟ್ಟಿಗೆ ಕಳೆದುಹೋಗುವ ಭಯ ಬೇರೆ. ಎಲ್ಲವೂ ಕೈಚೀಲದಲ್ಲೇ ಇರಲಿ, ಬೇಕಾದ್ದಕ್ಕಿಂತ ಎರಡು ಪಾಲು ಇರಲಿ. ಮಂಜುಗಡ್ಡೆಯ ಚೀಲಕ್ಕೆ ನೇರ ತಾಗಿಸಿ ಇಡಬೇಡಿ, ನಡುವೆ ಒಂದು ಬಟ್ಟೆ ಸುತ್ತಿ. ತೆರೆದು ಬಳಸುತ್ತಿರುವ ಪೆನ್ನು ತಂಪಾದ ಕೋಣೆಯಲ್ಲಿ ಸುಮಾರು ನಾಲ್ಕು ವಾರ ತಡೆಯುತ್ತದೆ, ಲಾಗೋಸ್ ಸೆಕೆಯಲ್ಲಿ ಹೊರಗೆ ಬಿಡಬೇಡಿ. ಸೂಜಿ, ಪೆನ್ನು, ಸಕ್ಕರೆ ನೋಡುವ ಯಂತ್ರ ಎಲ್ಲದಕ್ಕೂ ವೈದ್ಯರ ಚೀಟಿ ಇಂಗ್ಲಿಷಿನಲ್ಲಿ ಬೇಕು, ಅದರಲ್ಲಿ ಕಂಪನಿ ಹೆಸರಲ್ಲ, ಔಷಧದ ಮೂಲ ಹೆಸರು ಇರಬೇಕು.

ಊಟದ ಇನ್ಸುಲಿನ್ ಗಡಿಯಾರ ನೋಡಿ ಚುಚ್ಚಿಕೊಳ್ಳಬೇಡಿ, ತಟ್ಟೆ ನೋಡಿ ಚುಚ್ಚಿಕೊಳ್ಳಿ. ಗಗನಸಖಿ ಊಟದ ಗಾಡಿ ತಂದಳು ಅಂತ ನಾಲ್ಕು ಸಾಲು ಹಿಂದೆ ಇರುವಾಗಲೇ ಚುಚ್ಚಿಕೊಂಡು, ಅಷ್ಟರಲ್ಲಿ ವಿಮಾನ ಅಲುಗಾಡಿ ಊಟ ಹಂಚುವುದು ನಿಲ್ಲಿಸಿದರೆ ಸಕ್ಕರೆ ಇಳಿದುಬಿಡುತ್ತದೆ. ನಿಮ್ಮ ಎದುರು ತಟ್ಟೆ ಬಂದು ಕೂತ ಮೇಲೆಯೇ. ರಾತ್ರಿಯದಕ್ಕೆ, ಲಾಗೋಸ್‌ಗೆ ಹೋದ ದಿನ ನಿಮ್ಮ ದಿನ ಎರಡು ತಾಸು ಉದ್ದವಾಗುತ್ತದೆ, ಮುಂಬಯಿಯಿಂದ ನೈರೋಬಿಗೆ ಹೋದ ದಿನ ಎರಡೂವರೆ ತಾಸು. ಆ ಎರಡು ರಾತ್ರಿ ಎಷ್ಟು ಹೊತ್ತಿಗೆ ಅಂತ ನಿಮ್ಮ ವೈದ್ಯರೇ ಚೀಟಿಯಲ್ಲಿ ಬರೆದುಕೊಡಲಿ. ಸೀಮನ್‌ರು ಅಂಕೋಲಾ ಟೈಮಿಗೆ ತಂದು ಕೊಟ್ಟಿದ್ದನ್ನೇ ಅವರಿಗೆ ತೋರಿಸಿ.


ಅಂಕೋಲಾ ಅಕ್ಕೋರು:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಸೀಮನ್ ತಮ್ಮಾ, ನಿನ್ನ ಲೆಕ್ಕ ನಾನು ಮಾಡಿ ನೋಡಿದೆ. ಮೊಮ್ಮಗನ ಹಳೇ ಅಟ್ಲಾಸ್ ಮಾಡದಲ್ಲಿತ್ತು. ಆಫ್ರಿಕಾದ ಪುಟದಲ್ಲಿ ಒಂದು ಸೆಂಟಿಮೀಟರಿಗೆ 400 ಕಿಲೋಮೀಟರ್ ಅಂತ ಕೆಳಗೆ ಬರೆದಿದೆ. ಹೂ ಕಟ್ಟುವ ಬಾಳೆನಾರು ತೆಗೆದು ನೈರೋಬಿಯ ಚುಕ್ಕೆಯಿಂದ ಲಾಗೋಸ್‌ನ ಚುಕ್ಕೆಗೆ ಎಳೆದು, ಉಗುರಲ್ಲಿ ಗುರುತು ಹಾಕಿ, ಪಟ್ಟಿಯ ಮೇಲೆ ಇಟ್ಟೆ. ಒಂಬತ್ತೂವರೆ ಸೆಂಟಿಮೀಟರ್. 3,800! ಒಬ್ಬಳೇ ಕೂತಿದ್ದೆ, ಆದರೂ ಜೋರಾಗಿ "ಸರಿಯಾಯ್ತು" ಅಂದೆ. ಅದೇ ನಾರನ್ನು ಅಂಕೋಲೆಯಿಂದ ನೈರೋಬಿಗೂ ಹಿಡಿಯಬೇಕು ಅಂತ ಅನ್ನಿಸಿತು, ಆದರೆ ಆ ಪುಟದಲ್ಲಿ ನಮ್ಮ ದೇಶ ಇಲ್ಲ.

ಕುಮಟೆಯವರೆ, ತಪ್ಪಾಯಿತು ಅಂತ ಒಪ್ಪಿಕೊಂಡಿರಲ್ಲ, ಸಂತೋಷವಾಯಿತು. ನನಗೂ ಭೂಮಿ ತಿರುಗುವುದೇ ಕಾರಣ ಅಂತ ಅರ್ಧ ನಂಬಿಕೆ ಇತ್ತು.

ನಿನ್ನೆ ವೈದ್ಯರ ಹತ್ತಿರ ಹೋಗಿದ್ದೆ. ಹಳದಿ ಜ್ವರದ ಲಸಿಕೆಯ ಬಗ್ಗೆ ಕೆಲವು ರಕ್ತ ಪರೀಕ್ಷೆ ಬರೆದುಕೊಟ್ಟಿದ್ದಾರೆ, ವರದಿ ಬಂದ ಮೇಲೆ ಹೇಳುತ್ತಾರಂತೆ. ಶಿರಸಿಯವರು ಹೇಳದಿದ್ದರೆ ನನಗೆ ಇದು ಗೊತ್ತೇ ಆಗುತ್ತಿರಲಿಲ್ಲ, ಮಕ್ಕಳಿಬ್ಬರೂ ಚಿಕ್ಕ ವಯಸ್ಸಿನಲ್ಲಿ ಹಾಕಿಸಿಕೊಂಡು ಹೋದವರು, ನನ್ನ ವಯಸ್ಸಿನ ಯೋಚನೆ ಅವರಿಗೆ ಬರಲಿಲ್ಲ. ಇನ್ಸುಲಿನ್ ಹೊತ್ತನ್ನು ವೈದ್ಯರು ಅಂಕೋಲಾ ಟೈಮಿನಲ್ಲೇ ಬರೆದುಕೊಟ್ಟರು.

ಒಂದೇ ಒಂದು ಉಳಿದಿದೆ. ಮಗಳು ಸೀಟು ಆರಿಸು ಅಂತ ಹೇಳಿದ್ದಾಳೆ. ಕಿಟಕಿ ಪಕ್ಕ ಕೂತರೆ ಐದು ತಾಸು ಏನಾದರೂ ಕಾಣುತ್ತದೆಯೇ, ಇಲ್ಲಾ ಬರೀ ಮೋಡವೇ?


ಬೈತಖೋಲದ ಸೀಮನ್:

ಹೋಗುವಾಗ ಎಡಗಡೆ ಕಿಟಕಿ ಕೇಳಿ ಅಕ್ಕೋರೆ. ನೈರೋಬಿ ಬಿಟ್ಟು ಅರ್ಧ ತಾಸಿಗೆ ವಿಕ್ಟೋರಿಯಾ ಸರೋವರ ಬರುತ್ತದೆ. ನೇರ ಗೆರೆ ಎಳೆದರೆ ವಿಮಾನ ಅದರ ಬಡಗಣ ಅಂಚಿನ ಮೇಲೆ ಹಾಯುತ್ತದೆ, ಸರೋವರದ ದೊಡ್ಡ ಭಾಗ ನಿಮ್ಮ ಎಡಕ್ಕೆ ಬೀಳುತ್ತದೆ. ಬೆಳಗಿನ ಬಿಸಿಲು ಹಿಂದಿನಿಂದ ಇರುವುದರಿಂದ ಕಣ್ಣಿಗೆ ಚುಚ್ಚುವುದಿಲ್ಲ. ನಮ್ಮ ಉತ್ತರ ಕನ್ನಡದಂಥ ಆರು ಜಿಲ್ಲೆ ಮುಳುಗಿಸುವಷ್ಟು ನೀರು ಅದು. ಆಚೆ ದಂಡೆ ಕಾಣದೆ ಸಮುದ್ರ ಅಂತಲೇ ಅನ್ನಿಸುತ್ತದೆ, ಆದರೆ ಸಿಹಿನೀರು. ಅಲ್ಲಿಂದಲೇ ನೈಲ್ ನದಿ ಹೊರಡುತ್ತದೆ. ಆಮೇಲೆ ಉಗಾಂಡಾದ ಹಸಿರು, ಅದರ ಮುಂದೆ ಕಾಂಗೊ ಕಾಡು, ಎರಡು ತಾಸಿಗೂ ಹೆಚ್ಚು ಹೊತ್ತು ಕಾಡೇ ಕಾಡು. ಮೋಡ ಜಾಸ್ತಿ ಅಲ್ಲಿ, ಮೋಡ ಹರಿದ ಕಡೆ ಕಂದು ಬಣ್ಣದ ನದಿ ಹಾವಿನ ಹಾಗೆ ಕಾಣುತ್ತದೆ. ನಿದ್ದೆ ಮಾಡುವುದಿದ್ದರೆ ಅಲ್ಲಿ ಮಾಡಿ. ಕೊನೆಯ ಅರ್ಧ ತಾಸಿಗೆ ಎದ್ದಿರಿ, ಲಾಗೋಸ್‌ನ ಹಿನ್ನೀರು, ಅದರಾಚೆ ಅಟ್ಲಾಂಟಿಕ್ ಕಾಣಬಹುದು. ಬಂದರಿನ ಹೊರಗೆ ಲಂಗರು ಹಾಕಿದ ಹಡಗುಗಳು ಕಂಡರೆ, ಅಲ್ಲೇ ನಾವೂ ಒಂಬತ್ತು ದಿನ ಸರದಿಗೆ ಕಾದಿದ್ದೆವು.


ಅಂಕೋಲಾ ಅಕ್ಕೋರು:

ಎಡಗಡೆ ಕಿಟಕಿಯೇ ಸಿಕ್ಕಿತು, ಹದಿನಾಲ್ಕನೇ ಸಾಲು. ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯಬಹುದಾ ಅಂತ ಕೇಳಬೇಕಿತ್ತು, ಅದನ್ನು ಮಗನನ್ನೇ ಕೇಳುತ್ತೇನೆ. ಬಾಳೆನಾರನ್ನು ಅಟ್ಲಾಸಿನ ಆ ಪುಟದಲ್ಲೇ ಇಟ್ಟು ಚೀಲಕ್ಕೆ ಹಾಕಿದ್ದೇನೆ.